ಹೊಲ ಹೋದವರ ಕೇಸು: ಹೊಸ ವಕೀಲರು ಎಲ್ಲಿಂದ ಶುರು ಮಾಡಬೇಕು?

ನಮ್ಮ ಕಲ್ಯಾಣ ಕರ್ನಾಟಕದ ಕಡೆ ಭೂಸ್ವಾಧೀನದ ಕೇಸಿಗೆ ಬರವಿಲ್ಲ. ಕಾರಂಜಾ, ಬೆಣ್ಣೆತೊರಾ ಜಲಾಶಯಗಳಿಗೆ ಹೊಲ ಬಿಟ್ಟುಕೊಟ್ಟವರಿದ್ದಾರೆ. ಬೀದರ್–ಕಲಬುರಗಿ ರೈಲು ಮಾರ್ಗಕ್ಕೆ, ಯಾದಗಿರಿಯ ಕಡೇಚೂರು ಕೈಗಾರಿಕಾ ಪ್ರದೇಶಕ್ಕೆ ಕೊಟ್ಟವರಿದ್ದಾರೆ. ಈಗ ಸೂರತ್–ಚೆನ್ನೈ ಹೆದ್ದಾರಿಯ ಸರದಿ. ಆದರೆ ಲಾ ಕಾಲೇಜಿನಲ್ಲಿ ಈ ವಿಷಯಕ್ಕೆ ಸಿಗೋದು ಒಂದೆರಡು ಕ್ಲಾಸು ಮಾತ್ರ. ಸಂವಿಧಾನದ 300ಎ ವಿಧಿ, ಆಸ್ತಿ ಹಕ್ಕು ಈಗ ಮೂಲಭೂತ ಹಕ್ಕಲ್ಲ, ಅಷ್ಟೇ. ಆಮೇಲೆ ಒಂದು ದಿನ ಅಫಜಲಪುರದಿಂದಲೋ ಶಹಾಪುರದಿಂದಲೋ ಒಬ್ಬ ಹಿರಿಯರು ಪ್ಲಾಸ್ಟಿಕ್ ಚೀಲದಲ್ಲಿ ಕಾಗದ ತುಂಬಿಕೊಂಡು ಬಂದು, "ವಕೀಲ್ ಸಾಹೇಬ್ರ, ನಮ್ ಹೊಲ ಹೋತ್ರಿ, ರೊಕ್ಕ ಭಾಳ ಕಡಿಮಿ ಹಾಕ್ಯಾರ್ರಿ" ಅಂದರೆ ಏನು ಮಾಡಬೇಕು ಅಂತ ತೋಚುವುದಿಲ್ಲ.

ಆಗ ಕಾಯ್ದೆ ಪುಸ್ತಕ ಬಿಚ್ಚಬೇಡಿ. ಮೊದಲು ಆ ಚೀಲ ಬಿಚ್ಚಿ. ಈ ಕೇಸುಗಳಲ್ಲಿ ಕೋರ್ಟಿನ ವಾದ ಕೊನೆಯ ಕಾಲು ಭಾಗ ಮಾತ್ರ, ಉಳಿದದ್ದೆಲ್ಲ ತಹಶೀಲ್ದಾರ್ ಕಚೇರಿ, ಸಬ್ ರಿಜಿಸ್ಟ್ರಾರ್ ಕಚೇರಿ ಮತ್ತು ಹೊಲದಲ್ಲೇ ಮುಗಿದಿರುತ್ತದೆ.

ಯಾವ ಕಾಯ್ದೆ ಅಂತ ಮೊದಲು ನೋಡಿ

ಚೀಲದಲ್ಲಿ ಹುಡುಕಬೇಕಾದ ಮೊದಲ ಕಾಗದ ಅಧಿಸೂಚನೆಯ ಪ್ರತಿ. ಅದಿಲ್ಲದಿದ್ದರೆ ಗೆಜೆಟ್‌ನಿಂದ ತೆಗೆಸಿ. ಅದರ ಮೇಲೆ ಯಾವ ಕಲಮು ಬರೆದಿದೆ ಅನ್ನೋದರ ಮೇಲೆ ಇಡೀ ಕೇಸಿನ ದಾರಿ ನಿಂತಿದೆ. ಕಲಮು 11 ಅಂತಿದ್ದರೆ ಅದು 2013ರ ಹೊಸ ಭೂಸ್ವಾಧೀನ ಕಾಯ್ದೆ, 2014ರ ಜನವರಿ 1ರಿಂದ ಜಾರಿಯಲ್ಲಿದೆ. ಕಲಮು 4(1) ಅಂತಿದ್ದರೆ 1894ರ ಹಳೆಯದು, ಆ ಕೇಸುಗಳು ಇನ್ನೂ ಮುಗಿದಿಲ್ಲ. 3ಎ ಅಂತಿದ್ದರೆ 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆ. 28(1) ಅಂತಿದ್ದರೆ 1966ರ ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಕಾಯ್ದೆ.

ಒಂದೇ ಊರಿನ ಅಣ್ಣತಮ್ಮಂದಿರ ಹೊಲ ಎರಡು ಬೇರೆ ಕಾಯ್ದೆಯಡಿ ಹೋಗಿರಬಹುದು. ಅಣ್ಣನದು ಹೆದ್ದಾರಿಗೆ, ತಮ್ಮನದು ಕಾಲುವೆಗೆ. ಇಬ್ಬರಿಗೂ ಒಂದೇ ನಮೂನೆಯ ಅರ್ಜಿ ಟೈಪ್ ಮಾಡಿಸಿಬಿಟ್ಟರೆ ಅಣ್ಣನ ಕೇಸು ತಪ್ಪು ಬಾಗಿಲಲ್ಲಿ ನಿಂತಿರುತ್ತದೆ.

ಅಂದಹಾಗೆ, ಪೈಪ್‌ಲೈನ್‌ಗೆ ಹೋದ ಹೊಲ ಅಂತ ಯಾರಾದರೂ ಬಂದರೆ ಹುಷಾರು. ಪೆಟ್ರೋಲಿಯಂ ಪೈಪ್‌ಲೈನಿನ 1962ರ ಕಾಯ್ದೆಯಲ್ಲಿ ಸಾಮಾನ್ಯವಾಗಿ ಭೂಮಿ ಹೋಗುವುದಿಲ್ಲ, ಬಳಕೆಯ ಹಕ್ಕು ಮಾತ್ರ ಹೋಗುತ್ತದೆ. ಅದಕ್ಕೆ ಕೊಡೋದು ಮಾರುಕಟ್ಟೆ ಬೆಲೆಯ 10% ಮತ್ತು ಆದ ಹಾನಿಯ ಪರಿಹಾರ. ಪೂರ್ತಿ ಬೆಲೆ ಕೊಡಿಸ್ತೀನಿ ಅಂತ ಮಾತು ಕೊಡಬೇಡಿ.

ಕಾಗದ ಕೂಡಿಸುವುದು

ಇಲ್ಲೇ ಜಾಸ್ತಿ ಹೊತ್ತು ಕೂಡಬೇಕು. ಪಹಣಿ, ಮ್ಯುಟೇಶನ್ (ಖಾತೆ ಬದಲಾವಣೆ), ಆಕಾರಬಂದ್ (ವಿಸ್ತೀರ್ಣ, ಕಂದಾಯದ ದಾಖಲೆ), ಟಿಪ್ಪಣಿ (ಮೂಲ ಅಳತೆಯ ದಾಖಲೆ), ಪೋಡಿ ನಕ್ಷೆ (ಹೊಲ ಭಾಗ ಮಾಡಿದ ನಕ್ಷೆ), ಋಣಭಾರ ಪತ್ರ, ಇವು ಎಲ್ಲೆಡೆ ಬೇಕಾದವು. ಕಲ್ಯಾಣ ಕರ್ನಾಟಕದಲ್ಲಿ ಅದರ ಮೇಲೆ ಇನ್ನೊಂದು ಪದರ ಇದೆ. ನಿಜಾಮರ ಕಾಲದ ದಾಖಲೆ ಉರ್ದುವಿನಲ್ಲಿದೆ. ಅದನ್ನು ಓದಬಲ್ಲ ಹಿರಿಯ ಮುನ್ಷಿಗಳು ದಿನೇ ದಿನೇ ಕಡಿಮೆ ಆಗ್ತಿದ್ದಾರೆ. ಇನಾಂ (ಉಂಬಳಿ) ಜಮೀನು ಅಂತ ಗೊತ್ತಾದರೆ ಹಕ್ಕು ಯಾರಿಗೆ ಮಂಜೂರಾಯಿತು ಅನ್ನೋ ಆದೇಶದ ಪ್ರತಿ ತೆಗೆಸಲೇಬೇಕು. ಪರಿಶಿಷ್ಟರಿಗೆ ಮಂಜೂರಾದ ಭೂಮಿಯನ್ನು ಯಾರಾದರೂ ಕೊಂಡಿದ್ದರೆ ಅಂಥ ಭೂಮಿಯ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಅಡ್ಡ ಬರುತ್ತದೆ, ಪರಿಹಾರ ಬರುವ ಹೊತ್ತಿಗೆ ಮೂಲ ಮಂಜೂರಾತಿದಾರರ ಮಕ್ಕಳು ತಕರಾರು ಹಾಕುತ್ತಾರೆ. ಅವರ ಕಡೆಗೂ ನ್ಯಾಯ ಇರುತ್ತದೆ ಅನ್ನಿ.

ಇನ್ನು ವಾರಸಾ. ಪಹಣಿಯಲ್ಲಿ ಇನ್ನೂ ತೀರಿಹೋದ ಅಜ್ಜನ ಹೆಸರೇ ಇರುತ್ತದೆ. ನೋಟಿಸ್ ಆ ಹೆಸರಿಗೆ ಬರುತ್ತದೆ, ಊರಲ್ಲಿ ಯಾರೋ ಒಬ್ಬ ಮೊಮ್ಮಗ ಸಹಿ ಮಾಡಿ ತೊಗೊಂಡಿರುತ್ತಾನೆ, ಪುಣೆಗೋ ಹೈದರಾಬಾದಿಗೋ ದುಡಿಯಲು ಹೋದ ಉಳಿದವರಿಗೆ ಸುದ್ದಿಯೇ ಇರುವುದಿಲ್ಲ. ಕಕ್ಷಿದಾರರು ಬಂದ ದಿನವೇ ವಂಶವೃಕ್ಷ ಬರೆಸಿ, ಹೆಣ್ಣುಮಕ್ಕಳ ಹೆಸರು ಬಿಡದೆ. "ಅಕ್ಕಗೋಳ್ನ ಯಾಕ್ರಿ ನಡುವ ತರ್ತೀರಿ" ಅಂತ ಕೇಳುವವರಿದ್ದಾರೆ. ಕಾನೂನೇ ತಂದಿದೆ ಅಂತ ಹೇಳಿ ಮುಂದೆ ಹೋಗಿ.

ಪಹಣಿಯಲ್ಲಿ ಖುಷ್ಕಿ (ಮಳೆ ನಂಬಿದ ಭೂಮಿ) ಅಂತಿದ್ದು ಹೊಲದಲ್ಲಿ ಕಬ್ಬು ನಿಂತಿರುವುದು ಬೀದರ್ ಕಡೆ ಮಾಮೂಲು. ಸುರಪುರ, ಶಹಾಪುರದ ಕಾಲುವೆ ಸೀಮೆಯಲ್ಲೂ ಇದೇ ಕಥೆ. ಅಧಿಕಾರಿ ನೋಡುವುದು ಪಹಣಿಯನ್ನು, ಹಾಗಾಗಿ ನೀರಾವರಿ ಅಂತ ನೀವೇ ತೋರಿಸಬೇಕು. ಪಂಪ್‌ಸೆಟ್‌ಗೆ ವಿದ್ಯುತ್ ಕಂಪನಿ ಜೆಸ್ಕಾಂ ಕೊಟ್ಟ ಆರ್‌ಆರ್ ನಂಬರ್, ಸಕ್ಕರೆ ಕಾರ್ಖಾನೆಗೆ ಕಬ್ಬು ಕಳಿಸಿದ ಚೀಟಿ, ಬೆಳೆ ಸಮೀಕ್ಷೆಯ ದಾಖಲೆ, ಬೋರ್ ಕೊರೆಸಿದ ಬಿಲ್ಲು, ಬೆಳೆಸಾಲದ ಕಾಗದ. ಇವುಗಳಲ್ಲಿ ಮೂರು ಸಿಕ್ಕರೂ ಸಾಕು, ಖುಷ್ಕಿ ಅನ್ನೋ ಪದದ ಬಲ ಅರ್ಧ ಇಳಿಯುತ್ತದೆ.

ಹೊಲಕ್ಕೆ ಹೋಗಿ

ಚೇಂಬರಿನಲ್ಲಿ ಕೂತು ಈ ಕೇಸು ನಡೆಸುವವರನ್ನು ಕಂಡರೆ ನನಗೆ ಬೇಸರ. ಜಂಟಿ ಅಳತೆ ನಡೆಯುವ ದಿನ ಸರ್ವೇಯರ್ ಜೊತೆ ಹೊಲದಲ್ಲಿ ನಿಲ್ಲಿ. ಬಾವಿ, ಬೋರು, ಪೈಪು, ಶೆಡ್ಡು, ಬದುವಿನ ಮೇಲಿನ ಬೇವು, ಮಾವು ಎಲ್ಲವೂ ಆ ಹಾಳೆಯಲ್ಲಿ ಬರಬೇಕು. ಬರದೇ ಹೋದ ಮರಕ್ಕೆ ಆಮೇಲೆ ದುಡ್ಡು ಕೊಡಿಸೋದು ತುಂಬಾ ಕಷ್ಟ. ಫೋಟೋ, ವಿಡಿಯೋ ತೆಗೆದುಕೊಳ್ಳಿ. ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಮು 63ರ (ಎಲೆಕ್ಟ್ರಾನಿಕ್ ಸಾಕ್ಷ್ಯದ) ಪ್ರಮಾಣಪತ್ರವನ್ನು ಆಗಲೇ ತಯಾರಿಸಿಡಿ.

ಹೆದ್ದಾರಿ ಕೇಸಿನಲ್ಲಿ ಇನ್ನೊಂದು ನೋಡಬೇಕು. ಎರಡೂ ಬದಿ ಬೇಲಿ ಹಾಕಿದ ಹೊಸ ರಸ್ತೆ ಹೊಲವನ್ನು ಅಡ್ಡಕ್ಕೆ ಸೀಳಿಕೊಂಡು ಹೋದರೆ, ಬಾವಿ ಆ ಕಡೆ, ಹೊಲ ಈ ಕಡೆ. ಟ್ರ್ಯಾಕ್ಟರ್ ದಾಟಬೇಕಾದರೆ ಅಂಡರ್‌ಪಾಸ್ ತನಕ ಸುತ್ತು ಹೊಡೀಬೇಕು. ಹೋದದ್ದು 30 ಗುಂಟೆ ಆದರೂ ಉಳಿದ 2 ಎಕರೆ ಕೆಲಸಕ್ಕೆ ಬಾರದಂತಾಗುತ್ತದೆ. 2013ರ ಕಾಯ್ದೆಯ ಕಲಮು 28ರಲ್ಲಿ ಈ ಹಾನಿಗೆ ಜಾಗ ಇದೆ, ಹೆದ್ದಾರಿ ಕಾಯ್ದೆಯ 3ಜಿ(7)ರಲ್ಲೂ ಇದೆ. ಕೇಳುವವರೇ ಕಡಿಮೆ. ಒಂದು ಕೈನಕ್ಷೆ ಬರೆದು, ಮೊದಲಿನ ದಾರಿ, ಈಗಿನ ದಾರಿ ಗುರುತು ಹಾಕಿ ಅರ್ಜಿಗೆ ಲಗತ್ತಿಸಿ.

ತಾರೀಖುಗಳು

ಮೊದಲ ಅಧಿಸೂಚನೆ ಆದ ಮೇಲೆ ಆಕ್ಷೇಪಣೆಗೆ 2013ರ ಕಾಯ್ದೆಯಲ್ಲಿ 60 ದಿನ, ಹೆದ್ದಾರಿಗೆ 21 ದಿನ, ಕೆಐಎಡಿಬಿಯಲ್ಲಿ ನೋಟಿಸ್ ತಲುಪಿದ ದಿನದಿಂದ 30 ದಿನ. ಸುಮ್ನೆ "ನಮಗೆ ಒಪ್ಪಿಗೆ ಇಲ್ಲ" ಅಂತ ಬರೆದ ಆಕ್ಷೇಪಣೆಯಿಂದ ಪ್ರಯೋಜನ ಇಲ್ಲ. ಪಕ್ಕದಲ್ಲೇ ಸರ್ಕಾರಿ ಪಡಾ (ಬೀಳು) ಭೂಮಿ ಇದೆ, ಅಳತೆ ತಪ್ಪಿದೆ, ನಡುವೆ ಸ್ಮಶಾನ ಬರುತ್ತದೆ, ಹೀಗೆ ಸರ್ವೆ ನಂಬರ್ ಹಾಕಿ ಬರೆಯಿರಿ. ಖುದ್ದು ವಿಚಾರಣೆಯನ್ನೂ ಕೇಳಿ.

2013ರ ಕಾಯ್ದೆಯಲ್ಲಿ ಸರ್ಕಾರಕ್ಕೂ ಗಡುವಿದೆ. ಕಲಮು 11ರ ಅಧಿಸೂಚನೆಯಿಂದ 12 ತಿಂಗಳಲ್ಲಿ ಕಲಮು 19ರ ಘೋಷಣೆ, ಅಲ್ಲಿಂದ 12 ತಿಂಗಳಲ್ಲಿ ಐತೀರ್ಪು (ಪರಿಹಾರ ಎಷ್ಟು ಅಂತ ಅಧಿಕಾರಿ ಕೊಡುವ ಆದೇಶ). ವಿಸ್ತರಣೆಗೆ ಅವಕಾಶ ಇದೆ, ಆದರೆ ವಿಸ್ತರಣೆಯ ಆದೇಶ ನಿಜಕ್ಕೂ ಆಗಿದೆಯಾ ಅಂತ ನೋಡಿ. ಹಳೇ ಕಾಯ್ದೆಯ ಸ್ವಾಧೀನ 2013ರ ಕಾಯ್ದೆಯ ಕಲಮು 24(2)ರಲ್ಲಿ ಬಿದ್ದುಹೋಗುತ್ತದೆ ಅಂತ ಯಾರಾದರೂ ಆಸೆ ಹುಟ್ಟಿಸಿದ್ದರೆ, 2020ರ ಇಂದೋರ್ ಅಭಿವೃದ್ಧಿ ಪ್ರಾಧಿಕಾರದ ತೀರ್ಪು ಓದಿಸಿ. ಹೊಲ ಕೈವಶವೂ ಮಾಡಿಕೊಂಡಿಲ್ಲ, ಪರಿಹಾರವೂ ಕೊಟ್ಟಿಲ್ಲ, ಎರಡೂ ಇದ್ದರೆ ಮಾತ್ರ ಬೀಳುತ್ತದೆ.

ಐತೀರ್ಪು ಬಂದ ಮೇಲಿನದು ಎಲ್ಲಕ್ಕಿಂತ ಮುಖ್ಯ. ಹಣ ತೊಗೊಳ್ಳುವಾಗ ರಸೀದಿಯ ಮೇಲೆ "ತಕರಾರು ಕಾಯ್ದಿರಿಸಿ ಪಡೆದಿದ್ದೇನೆ" ಅಂತ ಬರೆಯಬೇಕು. ಕಲಮು 77ರ ಪ್ರಕಾರ ಹಾಗೆ ಬರೆಯದೆ ಹಣ ಪಡೆದವರು ಹೆಚ್ಚಿನ ಪರಿಹಾರಕ್ಕೆ ಕಲಮು 64ರ ಅರ್ಜಿ ಹಾಕುವಂತಿಲ್ಲ. ಐತೀರ್ಪಿನ ಹೊತ್ತಿಗೆ ಹಾಜರಿದ್ದವರಿಗೆ ಆ ಅರ್ಜಿಗೆ 6 ವಾರ, ಇಲ್ಲದವರಿಗೆ ನೋಟಿಸಿನಿಂದ 6 ವಾರ ಅಥವಾ ಐತೀರ್ಪಿನಿಂದ 6 ತಿಂಗಳು, ಯಾವುದು ಮೊದಲು ಮುಗಿಯುತ್ತೋ ಅದು. ಸರಿಯಾದ ಕಾರಣ ಇದ್ದರೆ ಇನ್ನೂ 1 ವರ್ಷದ ತನಕ ಒಪ್ಪಿಕೊಳ್ಳಬಹುದು. ಅದನ್ನು ನಂಬಿ ಕೂರಬೇಡಿ. ಕೆಐಎಡಿಬಿಯಲ್ಲಿ ಒಪ್ಪಂದದ ದರಕ್ಕೆ ಸಹಿ ಹಾಕಿದ ಮೇಲಂತೂ ಜಾಸ್ತಿ ಕೇಳುವ ದಾರಿ ಬಹುತೇಕ ಮುಚ್ಚಿಹೋಗುತ್ತದೆ. ಸಹಿಗೆ ಮೊದಲೇ ನಿಮ್ಮ ಹತ್ತಿರ ಬಂದವರಿಗೆ ಇದನ್ನು ಎರಡು ಸಲ ಹೇಳಿ.

ಗಡುವಿನೊಳಗೆ ಅರ್ಜಿಯನ್ನೇ ಹಾಕದವರಿಗೆ ಒಂದು ಕಿಟಕಿ ಇದೆ. ಅದೇ ಅಧಿಸೂಚನೆಯಲ್ಲಿ ಪಕ್ಕದ ಹೊಲದವರಿಗೆ ಪ್ರಾಧಿಕಾರ (2013ರ ಕಾಯ್ದೆಯಡಿ ಪರಿಹಾರದ ತಕರಾರು ತೀರ್ಮಾನಿಸುವುದು) ಜಾಸ್ತಿ ಕೊಟ್ಟರೆ, ಆ ತೀರ್ಪಿನಿಂದ 3 ತಿಂಗಳಲ್ಲಿ ಕಲಮು 73ರಡಿ ತಮಗೂ ಕೇಳಬಹುದು.

ಬೆಲೆಯ ಲೆಕ್ಕ

ಕಲಮು 26ರಲ್ಲಿ ಮುಖ್ಯವಾಗಿ ಎರಡು ಅಳತೆ. ಒಂದು ಸಬ್ ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ದರ. ಇನ್ನೊಂದು ಹಿಂದಿನ 3 ವರ್ಷದಲ್ಲಿ ಸುತ್ತಮುತ್ತ ನೋಂದಣಿಯಾದ ಅಂಥದೇ ಹೊಲಗಳ ಕ್ರಯಪತ್ರಗಳಲ್ಲಿ ಜಾಸ್ತಿ ಬೆಲೆಯ ಅರ್ಧದಷ್ಟನ್ನು ಆರಿಸಿ ತೆಗೆದ ಸರಾಸರಿ. ಯಾವುದು ಜಾಸ್ತಿಯೋ ಅದು. ಕಷ್ಟ ಏನಂದರೆ ನಮ್ಮ ಜನ ಕ್ರಯಪತ್ರದಲ್ಲಿ ನಿಜವಾದ ಬೆಲೆ ಬರೆಸುವುದಿಲ್ಲ. ಸ್ಟಾಂಪು ಉಳಿಸಿದ್ದಕ್ಕೆ ಊರಿಗೆ ಊರೇ ಬೆಲೆ ತೆರುತ್ತದೆ. ಹಾಗಾಗಿ ಬ್ಯಾಂಕ್ ಸಾಲದ ಮೇಲೆ ಕೊಂಡ ಹೊಲಗಳ ಕ್ರಯಪತ್ರ ಹುಡುಕಿ, ಅಲ್ಲಿ ಬೆಲೆ ಹೆಚ್ಚುಕಮ್ಮಿ ನಿಜ ಇರುತ್ತದೆ. ಪ್ಲಾಟಿನ ಕ್ರಯಪತ್ರ ತೋರಿಸಿದರೆ ಕೋರ್ಟು ಅಭಿವೃದ್ಧಿ ವೆಚ್ಚ ಅಂತ ಮೂರನೇ ಒಂದು ಭಾಗ, ಕೆಲವೊಮ್ಮೆ ಇನ್ನೂ ಜಾಸ್ತಿ ಕಳೆಯುತ್ತದೆ.

ಒಂದು ಉದಾಹರಣೆ ನೋಡೋಣ. ಎಕರೆಗೆ ಬೆಲೆ 10 ಲಕ್ಷ, ಗ್ರಾಮೀಣ ಗುಣಕ 1.5 ಅಂದುಕೊಳ್ಳಿ (ಹಳ್ಳಿ ಭೂಮಿಯ ಬೆಲೆಯನ್ನು ಗುಣಿಸುವ ಅಂಕೆ ಇದು. ಕಾಯ್ದೆಯಲ್ಲಿ 1ರಿಂದ 2ರವರೆಗೆ ಅವಕಾಶ, ನಿಮ್ಮ ಕೇಸಿಗೆ ಯಾವುದು ಅನ್ನೋದನ್ನು ಸರ್ಕಾರದ ಆದೇಶದಲ್ಲಿ ನೋಡಬೇಕು). ಆಗ 15 ಲಕ್ಷ. ಬಾವಿ, ಮರಕ್ಕೆ 2 ಲಕ್ಷ ಸೇರಿ 17. ಅದರ ಮೇಲೆ 100% ಸೊಲೇಶಿಯಂ (ಒತ್ತಾಯದಿಂದ ಹೊಲ ತೆಗೆದುಕೊಂಡಿದ್ದಕ್ಕೆ ಕೊಡುವ ಹೆಚ್ಚುವರಿ ಹಣ), ಅಂದರೆ ಎಲ್ಲ ಕೂಡಿ 34 ಲಕ್ಷ. ಜೊತೆಗೆ ಮಾರುಕಟ್ಟೆ ಬೆಲೆಯ ಮೇಲೆ ವರ್ಷಕ್ಕೆ 12%, ಇದನ್ನು ಗುಣಿಸುವ ಮೊದಲಿನ ಬೆಲೆಗೆ ಹಾಕುವುದೇ ರೂಢಿ. ಒಂದೂವರೆ ವರ್ಷ ಆಗಿದ್ದರೆ 1.8 ಲಕ್ಷ. ಒಟ್ಟು 35.8 ಲಕ್ಷ. ಐತೀರ್ಪು ಕೈಗೆ ಬಂದ ಕೂಡಲೇ ಈ ಲೆಕ್ಕವನ್ನು ನೀವೇ ಮಾಡಿ ನೋಡಿ. ತಪ್ಪು ಸಿಗುವುದು ಸೊಲೇಶಿಯಂ ಸಾಲಿನಲ್ಲಿ, ಮರದ ಬೆಲೆಯನ್ನು ಅದಕ್ಕೆ ಸೇರಿಸದೇ ಬಿಟ್ಟಿರುತ್ತಾರೆ.

1894ರ ಕಾಯ್ದೆಯ ಹಳೇ ಕೇಸುಗಳಲ್ಲಿ ಇಳುವರಿ ಲೆಕ್ಕವೂ ನಡೆಯುತ್ತದೆ. ಕೃಷಿ ಇಲಾಖೆಯ ಇಳುವರಿ ಪತ್ರ, ಎಪಿಎಂಸಿಯ ದರಪಟ್ಟಿ, ಅರ್ಧ ಖರ್ಚು ಕಳೆದು ಉಳಿದದ್ದನ್ನು ಸಾಮಾನ್ಯವಾಗಿ 10ರಿಂದ ಗುಣಿಸುವುದು. ಎಕರೆಗೆ 5 ಕ್ವಿಂಟಲ್ ತೊಗರಿ, ಕ್ವಿಂಟಲ್‌ಗೆ 4,000 ಅಂದರೆ 20,000, ಅರ್ಧ ಕಳೆದು 10,000, ಗುಣಿಸಿದರೆ 1 ಲಕ್ಷ. ಖುಷ್ಕಿ ಕರಿ ಭೂಮಿಗೆ ಈ ದಾರಿ ನಷ್ಟದ್ದು. ಕಬ್ಬು, ಬಾಳೆ ಇದ್ದರೆ ಮಾತ್ರ ಹಿಡಿಯಿರಿ.

ಹೆದ್ದಾರಿಯ ದಾರಿ ಬೇರೆ

ಹೆದ್ದಾರಿ ಕೇಸಿನಲ್ಲಿ ಕಲಮು 64 ಇಲ್ಲ. 3ಜಿ(5)ರಡಿ ಕೇಂದ್ರ ಸರ್ಕಾರ ನೇಮಿಸಿದ ಮಧ್ಯಸ್ಥಗಾರರ ಮುಂದೆ ಹೋಗಬೇಕು, ಅವರು ಸಾಮಾನ್ಯವಾಗಿ ಹಿರಿಯ ಕಂದಾಯ ಅಧಿಕಾರಿ. ಪೂರ್ತಿ ಸಾಕ್ಷ್ಯವನ್ನು ಅಲ್ಲೇ ಹಾಕಿ. ಅವರ ಆದೇಶದ ವಿರುದ್ಧ ಮಧ್ಯಸ್ಥಿಕೆ ಕಾಯ್ದೆಯ ಕಲಮು 34ರಡಿ ಜಿಲ್ಲಾ ನ್ಯಾಯಾಲಯಕ್ಕೆ ಹೋಗಲು 3 ತಿಂಗಳು, ಮೇಲೆ 30 ದಿನ, ಅದರಾಚೆ ಒಂದು ದಿನವೂ ಇಲ್ಲ. ಅಲ್ಲಿ ಬೆಲೆ ಏರಿಸಿಕೊಡಿ ಅಂತ ಹೊಸದಾಗಿ ಕೇಳಲು ಜಾಗ ತೀರಾ ಕಡಿಮೆ. ಸೊಲೇಶಿಯಂ, ಬಡ್ಡಿ ಹೆದ್ದಾರಿಯವರಿಗೂ ಸಿಗಬೇಕು ಅಂತ 2019ರಲ್ಲಿ ತರ್ಸೇಮ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

2013ರ ಕಾಯ್ದೆಯಲ್ಲಿ ಪ್ರಾಧಿಕಾರದ ತೀರ್ಪಿನ ಮೇಲೆ 60 ದಿನದಲ್ಲಿ ಹೈಕೋರ್ಟಿಗೆ ಮೇಲ್ಮನವಿ. ನಮಗೆ ಕಲಬುರಗಿಯಲ್ಲೇ ಪೀಠ ಇರುವುದು ದೊಡ್ಡ ಅನುಕೂಲ, ಮೊದಲು ಇದಕ್ಕೆಲ್ಲ ಬೆಂಗಳೂರಿನ ರೈಲು ಹತ್ತಬೇಕಿತ್ತು.

ಫೀಸು ಮತ್ತು ವಸೂಲಿ

ಈ ಕೇಸುಗಳಲ್ಲಿ "ಬಂದದ್ದರಲ್ಲಿ ಇಷ್ಟು ಪರ್ಸೆಂಟ್" ಅನ್ನೋ ಮಾತು ಎಲ್ಲೆಡೆ ಕೇಳಿಬರುತ್ತದೆ. ಬಾರ್ ಕೌನ್ಸಿಲ್ ಆಫ್ ಇಂಡಿಯಾ ನಿಯಮದಲ್ಲಿ ಅದು ನಿಷಿದ್ಧ, ಫಲಿತಾಂಶದ ಮೇಲೆ ಫೀಸು ನಿಗದಿ ಮಾಡುವಂತಿಲ್ಲ, ಬಂದ ಹಣದಲ್ಲಿ ಪಾಲೂ ಕೇಳುವಂತಿಲ್ಲ. ಹಂತ ಹಂತಕ್ಕೆ ಇಷ್ಟು ಅಂತ ಮೊದಲೇ ಬರೆದುಕೊಳ್ಳಿ. ಖಾಲಿ ಚೆಕ್ಕಿಗೆ ಸಹಿ ಹಾಕಿಸಿಕೊಳ್ಳುವವರ ಹಾದಿ ಹಿಡಿಯಬೇಡಿ.

ತೀರ್ಪು ಬಂದರೂ ಹಣ ತಾನಾಗಿ ಬರುವುದಿಲ್ಲ, ಎಕ್ಸಿಕ್ಯೂಷನ್ (ತೀರ್ಪು ಜಾರಿಯ ಅರ್ಜಿ) ಹಾಕಬೇಕು. ಹೊಲ ಕೈವಶ ಮಾಡಿಕೊಂಡ ದಿನದಿಂದ ಮೊದಲ ವರ್ಷ 9%, ಆಮೇಲೆ 15% ಬಡ್ಡಿ ಓಡುತ್ತಿರುತ್ತದೆ, ಆ ಲೆಕ್ಕದ ಹಾಳೆ ನೀವೇ ಮಾಡಿ ಅರ್ಜಿಯ ಜೊತೆ ಇಡಿ. ಕಲಮು 96ರ ಪ್ರಕಾರ 2013ರ ಕಾಯ್ದೆಯ ಐತೀರ್ಪಿಗೆ ಆದಾಯ ತೆರಿಗೆ ಇಲ್ಲ, ಆದರೂ ಟಿಡಿಎಸ್ ಹಿಡಿದುಬಿಡುತ್ತಾರೆ, ಆಗ ರಿಟರ್ನ್ ಹಾಕಿಸಿ ವಾಪಸ್ ತರಿಸಬೇಕು. ಅಣ್ಣತಮ್ಮಂದಿರಲ್ಲಿ ಪಾಲಿನ ಜಗಳ ಇದ್ದರೆ ಕಲಮು 76ರಡಿ ಹಣ ಹಂಚಿಕೆಯ ವಿವಾದವನ್ನೇ ಪ್ರಾಧಿಕಾರಕ್ಕೆ ಒಯ್ಯಿರಿ, ಇಲ್ಲದಿದ್ದರೆ ಒಬ್ಬನ ಖಾತೆಗೆ ಬಿದ್ದ ದುಡ್ಡಿಗೆ ಉಳಿದವರು ಸಿವಿಲ್ ದಾವೆ ಹೂಡಿಕೊಂಡು ಮತ್ತೆ ನಿಮ್ಮ ಚೇಂಬರಿಗೇ ಬರುತ್ತಾರೆ, ಆಗ ನೀವು ಯಾರ ವಕೀಲರೂ ಆಗುವಂತಿಲ್ಲ.