ಜಾವೆಲಿನ್ ಬಾಲ ಮೊದಲು ನೆಲಕ್ಕೆ ಬಡಿಯುವುದು ನಿಂತದ್ದು ಹೀಗೆ

ಹೊಸ ಮಕ್ಕಳು ಎಸೆದ ಜಾವೆಲಿನ್ ಮೊನೆ ಎತ್ತಿಕೊಂಡೇ ಹಾರಿ, ಬಾಲ ಮೊದಲು ನೆಲಕ್ಕೆ ಬಡಿಯುತ್ತಿತ್ತು. ನಿಯಮದ ಪ್ರಕಾರ ಅದು ಫೌಲ್. ತೋಳಿನ ಬಲ ಸಾಲದು ಎಂದುಕೊಳ್ಳುವವರೇ ಹೆಚ್ಚು. ನಿಜವಾದ ಕಾರಣ, ಹಿಂದೆ ಚಾಚಿದ ಕೈ ಭುಜಕ್ಕಿಂತ ಕೆಳಗಿಳಿಯುವುದು. ಆಗ ಮೊನೆ ಮೇಲೇಳುತ್ತದೆ, ಬಲ ಜಾವೆಲಿನ್‌ನ ಉದ್ದಕ್ಕೆ ಸೇರದೆ ಅಡಿಯಿಂದ ತಳ್ಳಿದಂತಾಗುತ್ತದೆ.

ಮೊದಲು ಓಟ ಪೂರ್ತಿ ನಿಲ್ಲಿಸಿದೆ. ಬಲಗೈಯವರಾದರೆ ಎಡಗಾಲು ಮುಂದೆ, ಅಂಗೈ ಆಕಾಶಕ್ಕೆ, ಮೊನೆ ಹುಬ್ಬಿನ ಮಟ್ಟದಲ್ಲಿ. ಹೆಬ್ಬೆರಳು, ನಡುಬೆರಳು ದಾರ ಸುತ್ತಿದ ಹಿಡಿಯ ಹಿಂದಿನ ಅಂಚನ್ನು ಕಚ್ಚಿ ಹಿಡಿಯಬೇಕು, ಸಡಿಲವಾದರೆ ಕೈ ಜಾರುತ್ತದೆ. 5 ಮೀಟರ್ ದೂರದ ಹುಲ್ಲಿನಲ್ಲಿ ಗುರುತಿಟ್ಟು ಅಲ್ಲಿಗೇ ಚುಚ್ಚುವಂತೆ ಎಸೆಸಿದೆ. ನಾಟಿಕೊಂಡ ಜಾವೆಲಿನ್‌ನ ಬಾಲ ಎಸೆದವರ ಕಡೆಗೇ ವಾಲಿದ್ದರೆ ಸರಿ. ಪಕ್ಕಕ್ಕೆ ವಾಲಿದ್ದರೆ ಕೈ ಹೊರಗಿನಿಂದ ಸುತ್ತಿ ಬಂದಿದೆ ಎಂದರ್ಥ. ಮೊಣಕೈ ಒಳಭಾಗ ನೋಯುವುದೂ ಹೆಚ್ಚಾಗಿ ಇದರಿಂದಲೇ. "ಮೊಣಕೈ ಮೇಲೆ, ಅದೇ ಮುಂದೆ, ಕೈ ಆಮೇಲೆ" ಎಂಬ ಒಂದೇ ಮಾತು ಸಾಕಾಯಿತು.

ನಾಟುವುದು ಖಚಿತವಾದ ಮೇಲೆ ಗುರುತು 10, ಆಮೇಲೆ 15 ಮೀಟರ್‌ಗೆ. ಚಿಕ್ಕವರಿಗೆ 400 ಗ್ರಾಂನದ್ದೇ ಕೊಡಿ, ಭಾರ ಹೆಚ್ಚಾದರೆ ಮೊಣಕೈ ಮತ್ತೆ ಇಳಿಯುತ್ತದೆ. ಎಲ್ಲರೂ ಎಸೆದು ಮುಗಿದ ಮೇಲೆಯೇ ಒಟ್ಟಿಗೆ ನಡೆದು ಹೋಗಿ ತರಬೇಕು, ಇದರಲ್ಲಿ ರಿಯಾಯಿತಿ ಬೇಡವೇ ಬೇಡ. ಮೂರು ಹೆಜ್ಜೆಯ ಎಸೆತ ಇದಾದ ಮೇಲೆ.