ಬಿಟಿ ಹೊಲದ ಪಕ್ಕ ಬೀಜದ ಹತ್ತಿ: ನನ್ನ ಅನುಭವ

ಆಂಧ್ರದ ಆದೋನಿ, ಆಲೂರು ಕಡೆಯ ಎರೆ ಹೊಲಗಳಲ್ಲಿ ಬದುವಿನಾಚೆ ಎತ್ತ ನೋಡಿದರೂ ಬಿಟಿ ಹತ್ತಿ, ಅಂದರೆ ಕಾಯಿಕೊರಕ ತಡೆಯಲೆಂದು ಮಾಡಿದ ಕುಲಾಂತರಿ ಹತ್ತಿ. ನಡುವೆ ಸಾವಯವ ಹತ್ತಿ ಬೆಳೆದು ಬೀಜವನ್ನೂ ಉಳಿಸಿಕೊಳ್ಳುವವರಿಗೆ ಮೊದಲ ಹೆದರಿಕೆ ಗಾಳಿಯದು, ಬಿಟಿ ಪರಾಗ ತಂದು ಬೆರೆಸುತ್ತದೆಂದು. ಹತ್ತಿಯ ಪರಾಗ ಭಾರ, ಮೇಲಾಗಿ ಅಂಟು. ಗಾಳಿಗೆ ಹಾರುವಂಥದ್ದಲ್ಲ, ಹೊತ್ತು ತರುವುದು ಜೇನು. ನನ್ನ ಲೆಕ್ಕದಲ್ಲಿ ಜೇನಿಗಿಂತ ತಿಪ್ಪೆ, ಜಿನ್ನು (ಹತ್ತಿಯಿಂದ ಕಾಳು ಬಿಡಿಸುವ ಯಂತ್ರ), ಗೋಣಿಚೀಲಗಳ ಬೆರಕೆಯೇ ಜಾಸ್ತಿ.

ಎಮ್ಮೆಗೆ ನೆನೆಸಿ ಇಡುವ ಪೇಟೆ ಹತ್ತಿಕಾಳು ಹೆಚ್ಚುಕಡಿಮೆ ಎಲ್ಲವೂ ಬಿಟಿಯದೇ. ಚೆಲ್ಲಿದ ಕಾಳು ಕಸದೊಂದಿಗೆ ತಿಪ್ಪೆಗೆ, ಅಲ್ಲಿಂದ ಗೊಬ್ಬರದ ಜೊತೆ ಹೊಲಕ್ಕೆ ಹೋಗಿ ಮೊಳೆಯುತ್ತದೆ. ಬೀಜದ ಹೊಲಕ್ಕೆ ಗೊಬ್ಬರ ಕೊಡುವ ದನಗಳಿಗೆ ಇಡೀ ಕಾಳು ಬಿಡಿಸಿ ಶೇಂಗಾ ಹಿಂಡಿ ಹಾಕುತ್ತೇನೆ. ಕೂರಿಗೆ ಸಾಲು ಬಿಟ್ಟು ನಡುವೆ ಎದ್ದ ಹತ್ತಿ ಸಸಿ ಎಷ್ಟೇ ಚೆಂದವಿರಲಿ, ಕೀಳುವುದೇ.

ದೇಸಿ ಹತ್ತಿ ಬಿತ್ತುವವರಿಗೆ ಜೇನಿನ ಚಿಂತೆ ಇಲ್ಲ. ಅದರ ವರ್ಣತಂತು 26, ಬಿಟಿ ಹೈಬ್ರಿಡ್‌ನದು 52. ಕೂಡುವುದೇ ಅಪರೂಪ, ಕೂಡಿದರೂ ಆ ಗಿಡ ಸಾಮಾನ್ಯವಾಗಿ ಬಂಜೆ. ಸುರಜ್, ಸಹನಾದಂಥ ತಳಿಗಳದೂ 52, ಹಾಗಾಗಿ ಅವಕ್ಕೆ ಆ ರಕ್ಷಣೆ ಇಲ್ಲ. ಪ್ರಮಾಣಿತ ಬೀಜಕ್ಕೆ 30 ಮೀಟರ್ ಅಂತರ ಎಂಬ ನಿಯಮವಿದ್ದರೂ ಅದು ತಳಿ ಶುದ್ಧತೆಯ ಅಂಕಿ, ಬಿಟಿ ಸೊನ್ನೆಯ ಭರವಸೆಯಲ್ಲ. ಹಾಗಾಗಿ ಬೀಜದ ತಾಕು ಹೊಲದ ನಟ್ಟನಡುವೆ, 10 ಸೆಂಟ್ಸ್. 40 ಕೆಜಿ ಹತ್ತಿ ಬಂದರೆ ಸುಮಾರು 26 ಕೆಜಿ ಕಾಳು ಸಿಗುತ್ತದೆ. ಎಕರೆಗೆ 5 ಕೆಜಿಯಂತೆ 5 ಎಕರೆ ಧಾರಾಳ. ಬಿಟಿ ಬದುವಿನ ಕಡೆಯ 10 ಸಾಲು ಬೇರೆ ಬಿಡಿಸಿ, ಬೇರೆ ಚೀಲದಲ್ಲಿ ಮಾಮೂಲಿ ಹತ್ತಿಯಾಗಿ ಮಾರುತ್ತೇನೆ.

ಮುಂದಿನ ವರ್ಷ ಬೀಜದ ತಾಕಿಗೇ ಬಿತ್ತುವ ತಾಯಿ ಬೀಜಕ್ಕೆ, ಜೇನು ಒಳಹೋಗದಂತೆ ಮೊಗ್ಗನ್ನು ದಾರದಿಂದ ಕಟ್ಟಬೇಕು. ಸಂಜೆ 4ರ ಮೇಲೆ ಮರುದಿನ ಅರಳುವ ಮೊಗ್ಗು ಗೊತ್ತಾಗುತ್ತದೆ: ಹೊಸೆದ ಬತ್ತಿಯಂತೆ ಕೆನೆಬಣ್ಣದ ತುದಿ ಹೊರಗೆ ಚಾಚಿರುತ್ತದೆ. ಆ ತುದಿಗೆ ದಾರದ ಗಂಟು ಹಾಕಿ, ದಾರದ ಇನ್ನೊಂದು ತುದಿಯನ್ನು ತೊಟ್ಟಿಗೆ ಕಟ್ಟುತ್ತೇನೆ. ದಳ ಉದುರಿದ ಮೇಲೂ ತೊಟ್ಟಿನ ದಾರ ಉಳಿದು ಕಾಯಿಯ ಗುರುತಾಗುತ್ತದೆ. ಗಂಟು ಕೆಳಗಾದರೆ ಶಲಾಕೆ (ಹೂವಿನ ನಡುವಿನ ಹೆಣ್ಣು ಕಡ್ಡಿ) ನಲುಗಿ ಕಾಯಿ ಕಟ್ಟದು. ಸಡಿಲವಾದರೆ ಬೆಳಿಗ್ಗೆ ಅರಳಿ ಜೇನು ನುಗ್ಗುತ್ತದೆ. ಸಂದು ಬಿಟ್ಟದ್ದು ಕಂಡರೆ ತೊಟ್ಟಿನ ದಾರವನ್ನೂ ಬಿಚ್ಚಬೇಕು, ಇಲ್ಲವಾದರೆ ಬಿಡಿಸುವವರು ಅದನ್ನೂ ಬೀಜಕ್ಕೆ ಸೇರಿಸುತ್ತಾರೆ.

ಬಿಟಿ ಪ್ಯಾಕೆಟ್ ಜೊತೆ ಬರುತ್ತಿದ್ದ 120 ಗ್ರಾಂ ನಾನ್-ಬಿಟಿ ಪೊಟ್ಟಣವನ್ನು ಬಿತ್ತಿ ಬೀಜ ಮಾಡಿಕೊಳ್ಳುವ ಯೋಚನೆ ಹಲವರದು. ಅದು ಹೈಬ್ರಿಡ್ಡು, ಅದರ ಕಾಳು ಬಿತ್ತಿದರೆ ಗಿಡ ಒಂದೇ ತರ ಬರದು. ಔಷಧಿ ಹಚ್ಚಿದ್ದು ಬೇರೆ. ಬೇಡ.

ಬೀಜದ ಹತ್ತಿಯನ್ನು ಕೈಜಿನ್ನಿನಲ್ಲೇ ಬಿಡಿಸುವುದು ಮೇಲು. ಮಿಲ್ಲೇ ಗತಿಯೆಂದರೆ ರೋಲರ್ ಸಂದು ಗುಡಿಸಿ, ಮೊದಲ ಮೂಟೆಯ ಕಾಳು ಗಾಣಕ್ಕೆ. ಹಳೆ ಗೋಣಿಯ ಹೊಲಿಗೆಯಲ್ಲಿ ಕಾಳು ಕಚ್ಚಿಕೊಂಡಿರುತ್ತದೆ. ಹೊಸ ಬಟ್ಟೆ ಚೀಲವೇ ಸರಿ.

ಇನ್ನು ಬಿಟಿ ಪಟ್ಟಿ ಪರೀಕ್ಷೆ. ಎಲೆಯ ಚೂರನ್ನು ಕಿಟ್ಟಿನ ದ್ರಾವಣದಲ್ಲಿ ಅರೆದು ಪಟ್ಟಿ ಅದ್ದಿದರೆ ಸುಮಾರು 10 ನಿಮಿಷಕ್ಕೆ ಗೆರೆ ಮೂಡುತ್ತದೆ. ಒಂದೇ ಗೆರೆಯೆಂದರೆ ಬಿಟಿ ಇಲ್ಲ, ಎರಡೆಂದರೆ ಇದೆ. ಮೇಲಿನ ಗೆರೆಯೇ ಬರದಿದ್ದರೆ ಪಟ್ಟಿ ಕೆಟ್ಟಿದೆ. 300 ಕಾಳು ಮೊಳೆಸಿ ನೋಡಿ ಒಂದೂ ಸಿಗದಿದ್ದರೆ ಬೆರಕೆ ಶೇ. 1ಕ್ಕಿಂತ ಕಡಿಮೆ ಎಂದು ಶೇ. 95 ಖಾತ್ರಿಯಿಂದ ಹೇಳಬಹುದು, ಅಷ್ಟೇ. ಹುಳು ಬಿತ್ತು ಎಂದು ಬಿಟಿ ಅಲ್ಲವೆನ್ನಬೇಡಿ, ಗುಲಾಬಿ ಕಾಯಿಕೊರಕ ಈಗ ಬಿಟಿಯನ್ನೂ ತಿನ್ನುತ್ತದೆ. ತಾಯಿ ಬೀಜದ ಸಾಲಿನ ಗಿಡಗಳನ್ನು ಬಿತ್ತಿದ 40 ದಿನದೊಳಗೆ, ಹೂವಿಗೆ ಮೊದಲೇ ಒಂದೊಂದಾಗಿ ನೋಡಿ, ಎರಡು ಗೆರೆ ಬಂದದ್ದನ್ನು ಬೇರುಸಹಿತ ಕೀಳುತ್ತೇನೆ.