ಹಡಗಿನಲ್ಲಿ ಬಂದದ್ದು, ಹಡಗಿನಲ್ಲಿ ಹೋದದ್ದು: ಸಾಮ್ರಾಜ್ಯಶಾಹಿ ಪಾಠ ಮಾಡಿದ ನನ್ನ ಅನುಭವ

ಸುಳ್ಯ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ಯುರೋಪಿನವರು ಬೇರೆಯವರ ನೆಲವನ್ನು ಯಾಕೆ ಹಿಡಿದರು ಎಂದು ಕೇಳಿದರೆ ನಮ್ಮ ಮಕ್ಕಳು ತಪ್ಪಿಲ್ಲದೆ ಬರೆಯುತ್ತಾರೆ. ಕಚ್ಚಾ ವಸ್ತು, ಮಾರುಕಟ್ಟೆ, ಧರ್ಮ ಪ್ರಚಾರ, ದೇಶಗಳ ಪೈಪೋಟಿ. ನಾಲ್ಕು ಅಂಶ, ನಾಲ್ಕು ಅಂಕ. ಪೇಪರ್ ತಿದ್ದುವಾಗ ನನಗೆ ಬೇಜಾರಾಗುತ್ತಿತ್ತು. ಆ ಉತ್ತರದಲ್ಲಿ ಒಬ್ಬ ಮನುಷ್ಯನೂ ಇರುತ್ತಿರಲಿಲ್ಲ. ಕಚ್ಚಾ ವಸ್ತು ಯಾರಿಗೆ ಬೇಕಿತ್ತು? ಯಾವಾಗ ಬೇಕಾಯಿತು? ತಂದುಕೊಟ್ಟವರು ಯಾರು?

ಹಾಗಾಗಿ ಒಂದೇ ಒಂದು ಪ್ರಕರಣ ಹಿಡಿದು ಪಾಠ ಮಾಡೋಣ ಎಂದುಕೊಂಡೆ. ಆರಿಸಿಕೊಂಡದ್ದು ಆಫ್ರಿಕಾದ ಕಾಂಗೋ. ಅದಕ್ಕೆ ಕಾರಣ ರಬ್ಬರ್. ನಮ್ಮ ಕ್ಲಾಸಿನ ಎಷ್ಟೋ ಮಕ್ಕಳ ಮನೆಯಲ್ಲಿ ರಬ್ಬರ್ ತೋಟ ಇದೆ, ಇಲ್ಲವೇ ಅಪ್ಪ ಅಮ್ಮ ಟ್ಯಾಪಿಂಗ್‌ಗೆ ಹೋಗುತ್ತಾರೆ. ಗೆರಟೆಗೆ ಇಳಿಯುವ ಹಾಲು ಶೀಟ್ ಆಗುವವರೆಗಿನ ಕೆಲಸವೆಲ್ಲ ಅವರಿಗೆ ಗೊತ್ತು.

ಮೊದಲ ವರ್ಷ ನಾನು ಒಂದು ತಪ್ಪು ಮಾಡಿದೆ. ಕೈ ಕಡಿಸಿಕೊಂಡ ಮಕ್ಕಳ ಹಳೆಯ ಫೋಟೋ ತೋರಿಸಿ ಪಾಠ ಶುರು ಮಾಡಿದೆ. ಇಡೀ ಕ್ಲಾಸ್ ಮೌನವಾಯಿತು. ಒಬ್ಬ ಹುಡುಗಿ ಮಧ್ಯಾಹ್ನ ಊಟ ಮಾಡಲಿಲ್ಲ. "ಕೆಟ್ಟವರು ಟೀಚರ್" ಎಂದರು, ಅಷ್ಟೇ. ಯಾಕೆ ಹಾಗಾಯಿತು ಎಂದು ಯಾರೂ ಕೇಳಲಿಲ್ಲ. ಸಿಟ್ಟು ಬಂದ ಮೇಲೆ ಪ್ರಶ್ನೆ ಹುಟ್ಟಲಿಲ್ಲ.

ಮುಂದಿನ ವರ್ಷ ಒಬ್ಬ ಗುಮಾಸ್ತನಿಂದ ಶುರು ಮಾಡಿದೆ. ಅವನು ಎಡ್ಮಂಡ್ ಮೊರೆಲ್. ಲಿವರ್‌ಪೂಲಿನ ಒಂದು ಹಡಗು ಕಂಪನಿಯಲ್ಲಿ ಕೆಲಸ. 1890ರ ದಶಕದ ಕೊನೆಗೆ ಬೆಲ್ಜಿಯಂನ ಆಂಟ್‌ವರ್ಪ್ ಬಂದರಿಗೆ ಹೋಗಿ ಬಂದು ಮಾಡುತ್ತಿದ್ದ. ಕಾಂಗೋ ಹಡಗುಗಳ ಲೆಕ್ಕ ಅವನ ಕೈಯಲ್ಲಿ ಇರುತ್ತಿತ್ತು. ನಾನು ದೇಶದ ಹೆಸರು ಹೇಳದೆ ಬೋರ್ಡಿನ ಮೇಲೆ ಎರಡು ಸಾಲು ಬರೆದೆ. ಬಂದದ್ದು: ಹಡಗು ತುಂಬ ರಬ್ಬರ್, ದಂತ. ಹೋದದ್ದು: ಅಧಿಕಾರಿಗಳು, ಬಂದೂಕು, ಗುಂಡು. ಬೇರೆ ಸಾಮಾನು ತೀರಾ ಕಡಿಮೆ. "ಇದು ವ್ಯಾಪಾರವಾ?" ಎಂದು ಕೇಳಿ ಸುಮ್ನೆ ನಿಂತೆ.

ಹಿಂದಿನ ಬೆಂಚಿನ ಹುಡುಗ ಎದ್ದ. ವಾರಕ್ಕೊಮ್ಮೆ ಅಪ್ಪನ ಜೊತೆ ಅಂಗಡಿಗೆ ಶೀಟ್ ಹಾಕಲು ಹೋಗುವವನು. "ರಬ್ಬರ್ ಕೊಟ್ಟವರಿಗೆ ದುಡ್ಡು ಎಲ್ಲಿ ಟೀಚರ್? ಬಂದೂಕು ಅವರಿಗೆ ಕೊಟ್ಟದ್ದಲ್ಲ ಅಲ್ವಾ?" ಎಂದ. ಮೊರೆಲ್ ಕಂಡುಕೊಂಡದ್ದೂ ಇದನ್ನೇ. ಬೆಲೆ ಕೊಡದೆ ಇಷ್ಟು ಮಾಲು ಬರುತ್ತಿದೆ ಎಂದರೆ ಅಲ್ಲಿ ಜನರನ್ನು ಬಲವಂತವಾಗಿ ದುಡಿಸುತ್ತಿದ್ದಾರೆ. ಅವನು ಕೆಲಸ ಬಿಟ್ಟು ಇದನ್ನು ಜಗತ್ತಿಗೆ ಹೇಳಲು ಹೊರಟ.

ಆಮೇಲೆ ಕಾಂಗೋ ಹಿಡಿದ ಬೆಲ್ಜಿಯಂ ರಾಜನ ಕಥೆ. ಬೆಲ್ಜಿಯಂ ನಮ್ಮ ಕರ್ನಾಟಕದ ಆರನೇ ಒಂದು ಪಾಲಿನಷ್ಟು ದೇಶ. ಎರಡನೇ ಲಿಯೊಪೋಲ್ಡ್‌ನಿಗೆ ಪಟ್ಟಕ್ಕೆ ಬರುವ ಮೊದಲೇ ಒಂದು ವಸಾಹತು ಬೇಕೆಂಬ ಹಠ. ಯಾವುದಾದರೂ ಸರಿ. ಸ್ಪೇನಿನವರು ಅಮೆರಿಕದಿಂದ ಎಷ್ಟು ಗಳಿಸಿದರು ಎಂದು ತಿಳಿಯಲು ಸೆವಿಲ್ಲೆಯ ದಾಖಲೆಗಳನ್ನು ಓದಿದ. ಫಿಲಿಪ್ಪೀನ್ಸ್ ಸಿಗುತ್ತದಾ ಎಂದೂ ನೋಡಿದ. ಇಲ್ಲಿ ಮಕ್ಕಳಿಗೆ ಒಂದು ವಿಷಯ ಹೊಳೆಯಿತು. ಆಸೆ ಮೊದಲು ಬಂದಿತ್ತು, ರಬ್ಬರ್ ಆಮೇಲೆ ಬಂತು. 1876ರಲ್ಲಿ ಅವನು ಬ್ರಸೆಲ್ಸ್‌ನಲ್ಲಿ ಭೂಗೋಳ ತಜ್ಞರ ಸಭೆ ಕರೆದ. ಅಲ್ಲಿ ಆಡಿದ್ದೆಲ್ಲ ವಿಜ್ಞಾನದ ಮಾತು, ಗುಲಾಮರ ಮಾರಾಟ ನಿಲ್ಲಿಸುವ ಮಾತು.

ಬರ್ಲಿನ್ ಸಭೆಯ ಪಾಠಕ್ಕೆ ಒಂದು ಪೂರ್ತಿ ಪೀರಿಯಡ್ ಕೊಟ್ಟೆ. 1884ರ ನವೆಂಬರ್‌ನಿಂದ 1885ರ ಫೆಬ್ರವರಿವರೆಗೆ ಆಫ್ರಿಕಾದ ಬಗ್ಗೆ ಯುರೋಪಿನ ದೇಶಗಳೂ ಅಮೆರಿಕವೂ ಸೇರಿ ನಡೆಸಿದ ಸಭೆ ಅದು. ಆಫ್ರಿಕಾದವರು ಒಬ್ಬರೂ ಇರಲಿಲ್ಲ. ಮಕ್ಕಳನ್ನು ಗುಂಪು ಮಾಡಿ ಒಂದೊಂದು ದೇಶ ಕೊಟ್ಟೆ. ಈ ರಾಜನಿಗೆ ಕಾಂಗೋ ಸಿಗಲು ನೀವು ಯಾಕೆ ಒಪ್ಪುತ್ತೀರಿ ಎಂದು ಚೀಟಿಯಲ್ಲಿ ಬರೆಯಬೇಕು. ಬ್ರಿಟನ್‌ಗೆ ಅದು ಫ್ರಾನ್ಸಿನ ಪಾಲಾಗಬಾರದು. ಇವನು ಕೈಬಿಟ್ಟರೆ ಮೊದಲ ಅವಕಾಶ ತನಗೆ ಎಂದು ಫ್ರಾನ್ಸ್ ಮೊದಲೇ ಬರೆಸಿಕೊಂಡಿತ್ತು. ಜರ್ಮನಿಯ ಬಿಸ್ಮಾರ್ಕ್‌ಗೆ ದೊಡ್ಡ ಎದುರಾಳಿಗಿಂತ ಚಿಕ್ಕ ದೇಶದ ರಾಜನೇ ವಾಸಿ, ಜೊತೆಗೆ ಎಲ್ಲರಿಗೂ ವ್ಯಾಪಾರ ಮುಕ್ತವಾಗಿರಬೇಕು. ಅಮೆರಿಕವಂತೂ ಇವನ ಮಾತು ನಂಬಿ 1884ರ ಏಪ್ರಿಲ್‌ನಲ್ಲೇ ಒಪ್ಪಿಗೆ ಕೊಟ್ಟಿತ್ತು. ಹಿಡಿದವನ ಉದ್ದೇಶ ಮಾತ್ರ ಕೇಳಿದರೆ ಅರ್ಧ ಉತ್ತರ ಸಿಗುತ್ತದೆ. ಒಪ್ಪಿದವರ ಉದ್ದೇಶಗಳೂ ಬೇಕು. ಇದನ್ನು ನಾನು ಕಲಿತದ್ದು ಆ ಚೀಟಿಗಳನ್ನು ಓದುವಾಗ. ಕರ್ನಾಟಕದ ಹನ್ನೆರಡು ಪಟ್ಟು ದೊಡ್ಡ ನೆಲ ಹೀಗೆ ಒಬ್ಬನ ಸ್ವಂತದ್ದಾಯಿತು. ಅವನು ಅಲ್ಲಿಗೆ ಒಮ್ಮೆಯೂ ಹೋಗಲಿಲ್ಲ.

ಮೊದಲ ಕೆಲವು ವರ್ಷ ಕಾಂಗೋದಿಂದ ಲಾಭ ಬರಲಿಲ್ಲ. ದಂತದ ಹಣ ಸಾಲಲಿಲ್ಲ, ಸಾಲ ಏರಿತು. ಅಷ್ಟರಲ್ಲಿ 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರ್ ಮಾಡಿದ. ಮೊದಲು ಸೈಕಲ್ಲಿಗೆ, ಆಮೇಲೆ ಕಾರಿಗೆ ರಬ್ಬರ್ ಬೇಕಾಯಿತು. ಕಾಂಗೋದ ಕಾಡಿನಲ್ಲಿ ರಬ್ಬರ್ ಹಾಲು ಕೊಡುವ ಬಳ್ಳಿ ಇತ್ತು. ನಮ್ಮ ಮರವಲ್ಲ, ಬಳ್ಳಿ. "ಇಷ್ಟು ಅವಸರ ಯಾಕೆ? ನಿಧಾನಕ್ಕೆ ತೆಗೆಸಬಹುದಿತ್ತಲ್ಲ?" ಎಂದು ನಾನು ಕೇಳಿದೆ. ಉತ್ತರ ಮಕ್ಕಳಿಂದಲೇ ಬಂತು. ಬ್ರೆಜಿಲ್‌ನ ಬೀಜ 1876ರಲ್ಲಿ ಲಂಡನ್ನಿಗೆ ಬಂದು, ಅಲ್ಲಿಂದ ಸಿಲೋನ್ (ಈಗಿನ ಶ್ರೀಲಂಕಾ), ಸಿಂಗಾಪುರಕ್ಕೆ ಗಿಡ ಹೋದ ಕಥೆ ಹೇಳಿದ್ದೆ. "ಗಿಡ ನೆಟ್ಟು ಏಳು ವರ್ಷಕ್ಕೆ ಹಾಲು ಬರ್ತದೆ ಟೀಚರ್. ಆ ತೋಟಗಳು ಕೊಯ್ಲಿಗೆ ಬಂದ್ರೆ ಇವನ ಬಳ್ಳಿಗೆ ರೇಟ್ ಬೀಳ್ತದೆ. ಅದಕ್ಕೆ ಮೊದಲೇ ಬಾಚಿಕೊಳ್ಳಬೇಕಿತ್ತು," ಎಂದಳು ಒಬ್ಬಳು. ಇಷ್ಟು ವರ್ಷದಲ್ಲಿ ನಾನು ಕೇಳಿದ ಅತಿ ಒಳ್ಳೆಯ ಉತ್ತರ ಅದು.

ಆಮೇಲೆ ಮಾತ್ರ ಹಿಂಸೆಯ ಭಾಗ ಹೇಳಿದೆ, ಫೋಟೋ ಇಲ್ಲದೆ. ಗಂಡಸರು ಕಾಡಿನಿಂದ ರಬ್ಬರ್ ತರುವವರೆಗೆ ಹೆಂಗಸರನ್ನು ಒತ್ತೆ ಇಡುತ್ತಿದ್ದರು. ಗುಂಡು ಸುಮ್ನೆ ಹಾಳಾಗಿಲ್ಲ ಎಂದು ತೋರಿಸಲು ಸೈನಿಕರು ಸತ್ತವರ ಬಲಗೈ ತಂದು ಲೆಕ್ಕ ಕೊಡಬೇಕಿತ್ತು. ಬದುಕಿದ್ದವರ ಕೈಯನ್ನೂ ಕಡಿದರು. ಈ ಬಾರಿ ಮೌನದ ಜೊತೆ ಪ್ರಶ್ನೆಗಳೂ ಬಂದವು. ಧರ್ಮ ಪ್ರಚಾರಕ್ಕೆ ಹೋದವರು ಏನು ಮಾಡಿದರು ಎಂದು ಒಬ್ಬ ಕೇಳಿದ. ಸುಮ್ಮನಿದ್ದವರೂ ಇದ್ದರು. ಆದರೆ ಆ ಫೋಟೋಗಳನ್ನು ತೆಗೆದು ಹೊರಗೆ ತಂದ ಆಲಿಸ್ ಹ್ಯಾರಿಸ್ ಕೂಡ ಮಿಷನರಿಯೇ. ಮೊರೆಲ್ ಮತ್ತು ಇಂಥವರ ಹೋರಾಟದಿಂದ 1908ರಲ್ಲಿ ರಾಜ ಕಾಂಗೋವನ್ನು ಬಿಟ್ಟುಕೊಡಬೇಕಾಯಿತು. ಬಿಟ್ಟದ್ದು ಬೆಲ್ಜಿಯಂ ಸರಕಾರಕ್ಕೆ, ಕಾಂಗೋದ ಜನರಿಗಲ್ಲ.

ಕೊನೆಯ ದಿನ ನಾನು ಯೋಚಿಸಿರದ ಒಂದು ಸಂಗತಿ ನಡೆಯಿತು. ನಮ್ಮ ತಾಲೂಕಿನಲ್ಲಿ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿವೆ. ಅಲ್ಲಿ ದುಡಿಯುವವರಲ್ಲಿ ಬಹಳ ಜನ ಶ್ರೀಲಂಕಾದಿಂದ ವಾಪಸ್ ಬಂದ ತಮಿಳರು. ಕಾಫಿ, ಚಹಾ ತೋಟಗಳಿಗೆಂದು ಬ್ರಿಟಿಷರ ಕಾಲದಲ್ಲಿ ಅವರ ಹಿರಿಯರನ್ನು ತಮಿಳುನಾಡಿನಿಂದ ಅಲ್ಲಿಗೆ ಸಾಗಿಸಿದ್ದರು. ಆ ಕಾಲನಿಯ ಹುಡುಗಿ, ಸಾಮಾನ್ಯವಾಗಿ ಮಾತೇ ಆಡದವಳು, "ನಮ್ಮದೂ ಬರೆಯಬಹುದಾ ಟೀಚರ್?" ಎಂದು ಕೇಳಿದಳು. ಚಾಕ್ ಕೊಟ್ಟೆ. ಮನೆಯಲ್ಲಿ ಅಜ್ಜಿ ಹೇಳಿದ್ದನ್ನು ನೆನಪು ಮಾಡಿಕೊಂಡು ಎರಡು ಸಾಲು ಬರೆದಳು. ಸಿಲೋನಿಗೆ ಹೋದದ್ದು: ಜನ. ಸಿಲೋನಿನಿಂದ ಲಂಡನ್ನಿಗೆ ಹೋದದ್ದು: ಚಹಾ. ಸ್ವಲ್ಪ ಹೊತ್ತು ನಿಂತು, ಕೆಳಗೆ ಇನ್ನೊಂದು ಸಾಲು ಸೇರಿಸಿದಳು. ವಾಪಸ್ ಬಂದದ್ದು: ಜನ, 1964ರ ಭಾರತ-ಸಿಲೋನ್ ಒಪ್ಪಂದದ ಮೇಲೆ, ರಾಮೇಶ್ವರಕ್ಕೆ, ಹಡಗಿನಲ್ಲಿ.